ಕೊಂಡ ಮನೆ ಕೈಗೆ ಭಾರವಾದಾಗ

ಮುಂಬಯಿಯಿಂದ ಊರಿಗೆ ಹೋಗಿ ಬಸ್ಸಿನಿಂದ ಇಳಿದವನಿಗೆ ನೆರೆಹೊರೆಯವರು ಕೇಳುವ ಪ್ರಶ್ನೆಗಳು ಮೂರು. ಯಾವಾಗ ಬಂದದ್ದು? ಯಾವಾಗ ಹೋಗುವುದು? ಮುಂಬಯಿಯಲ್ಲಿ ಸ್ವಂತದ್ದೆಂದು ಏನಾದರೂ ಮಾಡಿಕೊಂಡಿರೋ? ಮೊದಲೆರಡಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ ಉತ್ತರ ಕೊಡಲಾಗದೆ ಅಂಗಳದಲ್ಲಿ ನಿಂತು ನೆಲ ನೋಡಿದ ದಿನಗಳು ನಮಗಿವೆ. ಈ ಪತ್ರಿಕೆಯನ್ನು ಓದುವ ಹೋಟೆಲು ಬಂಧುಗಳಿಗೂ ಕಚೇರಿಯ ಮಿತ್ರರಿಗೂ ಅಂಥ ದಿನಗಳು ಇದ್ದೇ ಇರಬೇಕು. 2011ರ ನವರಾತ್ರಿಯಲ್ಲಿ ನಾವು ಬದ್ಲಾಪುರದಲ್ಲಿ ಒಂದು ಮನೆಯನ್ನು ಕೊಂಡದ್ದಕ್ಕೆ ಕಾರಣಗಳು ಹಲವಿದ್ದರೂ ಆ ಮೂರನೆಯ ಪ್ರಶ್ನೆಯೇ ಅವುಗಳಲ್ಲಿ ಮುಖ್ಯವಾದುದೆಂದು ಇಂದು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತೇವೆ.

ಅದು ವಾಸಕ್ಕೆಂದು ಕೊಂಡ ಮನೆಯಲ್ಲ. ನಮ್ಮ ವಾಸ ಪರೇಲಿನ ಹಳೆಯ ಚಾಳಿನಲ್ಲಿ, ತಂದೆಯವರು ಪಗಡಿ ಕೊಟ್ಟು ಹಿಡಿದ ಒಂದೂವರೆ ಕೋಣೆಯಲ್ಲಿ, ಅಂದಿನಂತೆಯೇ ಇಂದಿಗೂ ನಡೆದಿದೆ. ಬದ್ಲಾಪುರದ್ದು ಬಾಡಿಗೆಗೆ ಕೊಡುವ ಉದ್ದೇಶದ್ದು. ಬ್ಯಾಂಕಿನ ಸಾಲದ ಕಂತನ್ನು ಬಾಡಿಗೆಯೇ ತೀರಿಸುತ್ತದೆ, ಕಂತು ತೀರಿದ ಮೇಲೆ ಬಾಡಿಗೆಯೇ ಪಿಂಚಣಿಯಾಗುತ್ತದೆ ಎಂದು ಕಚೇರಿಯಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚುವ ಹೊತ್ತಿಗೆ ಗೆಳೆಯರು ಲೆಕ್ಕ ಹಾಕಿ ತೋರಿಸಿದ್ದರು. ಗುಮಾಸ್ತನಿಗೆ ಲೆಕ್ಕ ಬರುತ್ತದೆಂಬುದು ಲೋಕದ ನಂಬಿಕೆ. ಅದು ಕಚೇರಿಯ ಲೆಕ್ಕಕ್ಕೆ ಮಾತ್ರ ಸಲ್ಲುವ ನಂಬಿಕೆ.

ಬದ್ಲಾಪುರ ಸ್ಟೇಷನ್ನಿನಿಂದ ಬಿಲ್ಡರರ ಕಡೆಯ ವಾಹನ ನಮ್ಮನ್ನು ಕರೆದೊಯ್ದಿತು. ಎಳನೀರು ಕೊಟ್ಟರು. ಕಟ್ಟಡದ ಹಿಂದೆ ಅನತಿದೂರದಲ್ಲಿ ಉಲ್ಹಾಸ ನದಿ ಮಂದವಾಗಿ ಹರಿಯುತ್ತಿತ್ತು, ಅದರಾಚೆ ಹಸುರು. ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಆ ನೋಟವೇ ಸಾಕಾಯಿತು. ನೆಲ ಅಂತಸ್ತಿನ ಮನೆ ಮೇಲಿನವುಗಳಿಗಿಂತ ಅಗ್ಗವೆಂದರು. ಏಕೆ ಅಗ್ಗವೆಂದು ಕೇಳಬೇಕಾದಲ್ಲಿ ನಾವು ಎಷ್ಟು ಅಗ್ಗವೆಂದು ಕೇಳಿದೆವು. 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರು ಮಳೆ ಸುರಿದ ಆ ದಿನ, ಬದ್ಲಾಪುರದಲ್ಲಿಯೂ ನದಿ ಊರಿನೊಳಕ್ಕೆ ಬಂದಿತ್ತೆಂಬುದನ್ನು ಪತ್ರಿಕೆಯಲ್ಲಿ ಓದಿದ್ದವರು ನಾವೇ. ಆ ಮಾತನ್ನೆತ್ತಿದಾಗ ದಲ್ಲಾಳಿಯು, ಅದು ನೂರು ವರ್ಷಕ್ಕೊಮ್ಮೆ ಬರುವ ನೀರು, ನಿಮಗಿನ್ನು 94 ವರ್ಷ ಚಿಂತೆಯಿಲ್ಲ, ಎಂದು ನಕ್ಕನು. ನಾವೂ ನಕ್ಕೆವು. ನದಿಯ ಇಕ್ಕೆಲಗಳಲ್ಲಿ ಮಹಾರಾಷ್ಟ್ರ ಸರಕಾರದ ನೀರಾವರಿ ಇಲಾಖೆಯು 25 ವರ್ಷಕ್ಕೊಮ್ಮೆ ಬರುವ ನೆರೆಗೆ ನೀಲಿ ರೇಖೆಯನ್ನೂ ನೂರು ವರ್ಷಕ್ಕೊಮ್ಮೆ ಬರುವ ನೆರೆಗೆ ಕೆಂಪು ರೇಖೆಯನ್ನೂ ನಕಾಶೆಯಲ್ಲಿ ಎಳೆಯುವ ಪದ್ಧತಿಯಿದೆಯೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ನದಿಯ ಸಮೀಪ ಮನೆ ನೋಡಹೊರಟವರು ದಲ್ಲಾಳಿಯನ್ನು ಕೇಳುವ ಮೊದಲು ಆ ನಕಾಶೆಯನ್ನು ಕೇಳುವುದು ಮೇಲು.

ಮನೆಯ ಬೆಲೆ 17 ಲಕ್ಷ. ಮುದ್ರಾಂಕ, ನೋಂದಣಿ, ದಲ್ಲಾಳಿ ಎಲ್ಲವೂ ಸೇರಿ 18 ಲಕ್ಷದ 20 ಸಾವಿರ. ಅದರಲ್ಲಿ 12 ಲಕ್ಷ ಬ್ಯಾಂಕಿನ ಸಾಲ. ಉಳಿದುದರಲ್ಲಿ ಬಹುಭಾಗ ಭವಿಷ್ಯನಿಧಿಯಿಂದ ತೆಗೆದದ್ದು. ಸಾಲದೆ ಬಂದುದಕ್ಕೆ ನಮ್ಮ ಗೃಹಿಣಿ ಕೈಯ ನಾಲ್ಕು ಬಂಗಾರದ ಬಳೆಗಳನ್ನು ತೆಗೆದಿಟ್ಟಳು. ತವರಿನವರು ಕೊಟ್ಟ ಬಳೆಗಳು. ಆಕೆ ಆಗ ಏನೂ ಹೇಳಲಿಲ್ಲ. ಬಾಡಿಗೆ ಬರತೊಡಗಿದ ಮೇಲೆ ಮೊದಲು ಬಿಡಿಸಿಕೊಳ್ಳುವುದು ಅವುಗಳನ್ನೇ ಎಂದು ನಾವು ಕೇಳದೆಯೇ ಮಾತು ಕೊಟ್ಟೆವು. ಸಾಲದ ಕಂತು ತಿಂಗಳಿಗೆ 14,690 ರೂಪಾಯಿ, 144 ತಿಂಗಳು. ಮೊದಲ ವರ್ಷ ಬಂದ ಬಾಡಿಗೆ ತಿಂಗಳಿಗೆ 4,000. ಡಬ್ಬಿಯ ಹೊತ್ತಿನ ಲೆಕ್ಕ ಅಲ್ಲಿಗೇ ಮುಗಿಯಿತು.

2019ರ ಜುಲೈ 27ರ ಮುಂಜಾನೆ ಕೊಲ್ಹಾಪುರದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ಮತ್ತು ವಾಂಗಣಿಗಳ ನಡುವೆ ನೆರೆಯ ಮಧ್ಯದಲ್ಲಿ ನಿಂತುಬಿಟ್ಟು, ಸಾವಿರಕ್ಕೂ ಮಿಕ್ಕ ಪ್ರಯಾಣಿಕರನ್ನು ಪಾರುಮಾಡಲು ದೋಣಿಗಳನ್ನೂ ಹೆಲಿಕಾಪ್ಟರುಗಳನ್ನೂ ತರಿಸಬೇಕಾಗಿ ಬಂದ ಸುದ್ದಿ ಓದುಗರ ನೆನಪಿನಲ್ಲಿರಬಹುದು. ಅದೇ ಹೊತ್ತಿಗೆ ನಮ್ಮ ಮನೆಯಲ್ಲಿ ಸೊಂಟಮಟ್ಟದ ನೀರು. ಅಲ್ಲಿದ್ದವನು ಕುಂದಾಪುರದ ಕಡೆಯ ಹುಡುಗ, ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಅಡಿಗೆಯ ಕೆಲಸ. ಹೆಂಡತಿಯನ್ನೂ ಎರಡು ವರ್ಷದ ಮಗುವನ್ನೂ ಎತ್ತಿಕೊಂಡು ಮೂರನೆಯ ಅಂತಸ್ತಿನವರ ಮನೆಗೆ ಹೋಗಿ ಎರಡು ರಾತ್ರಿ ಕಳೆದನು. ನೀರು ಇಳಿದ ಮೇಲೆ ನಾವು ಹೋಗಿ ನೋಡಿದಾಗ ಅಕ್ಕಿಯ ಡಬ್ಬಿಯೊಳಗೆ ಕೆಸರು. ಎರಡು ತಿಂಗಳ ಬಾಡಿಗೆಯನ್ನು ಬಿಟ್ಟೆವು, ಬಿಡದಿರುವುದು ಹೇಗೆ? ಗೋಡೆ, ಬಾಗಿಲು, ವಿದ್ಯುತ್ ತಂತಿ, ಎಲ್ಲವನ್ನೂ ಮಾಡಿಸಿ ಬಣ್ಣ ಹಚ್ಚುವಷ್ಟರಲ್ಲಿ ಒಂದು ವರ್ಷದ ಬಾಡಿಗೆ ಖರ್ಚಾಯಿತು. 2021ರ ಜುಲೈಯಲ್ಲಿ ಮತ್ತೆ ನೀರು ಬಂದಿತು. ಈ ಸಲ ಮೊಣಕಾಲಿನವರೆಗೆ. ದಲ್ಲಾಳಿಯ ನೂರು ವರ್ಷ ಎರಡು ವರ್ಷಕ್ಕೆ ಇಳಿದಿತ್ತು. ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ ಎಂಬ ಗಾದೆಯನ್ನು ನಾವು ಅಲ್ಲಿಯವರೆಗೆ ಬರಿಯ ಗಾದೆಯೆಂದೇ ತಿಳಿದಿದ್ದೆವು.

2023ರಲ್ಲಿ ಕಡೆಯ ಕಂತು ತೀರಿತು. ಗೆಳೆಯರು ಚಹ ಕೇಳಿದರು, ಕೊಡಿಸಿದೆವು. ಇನ್ನು ಬರುವುದೆಲ್ಲ ಲಾಭವೇ ಅಲ್ಲವೇ ಎಂದು ಎಲ್ಲರೂ ಅಂದರು. ಆ ರಾತ್ರಿ ಹಳೆಯ ಲೆಕ್ಕದ ಪುಸ್ತಕವನ್ನು ತೆಗೆದು ಕುಳಿತಾಗ ನಮಗೆ ಕಂಡದ್ದು ಬೇರೆ. ಬಾಡಿಗೆ ಆಗ ತಿಂಗಳಿಗೆ 7,500 ರೂಪಾಯಿಗೆ ಏರಿತ್ತು. ಆದರೆ ವರ್ಷದ ಹನ್ನೆರಡು ತಿಂಗಳೂ ಬಾಡಿಗೆ ಬರುವುದು ಕಾಗದದ ಮೇಲೆ ಮಾತ್ರ. ಮಳೆಗಾಲದ ರಿಯಾಯಿತಿ, ಕರಾರಿನ ಖರ್ಚು ಇವುಗಳನ್ನು ಕಳೆದರೆ ಕೈಗೆ ಬಂದುದು ಸರಾಸರಿ ಹತ್ತು ತಿಂಗಳಿನದು, ಅಂದರೆ 75,000. ಸೊಸಾಯಿಟಿಗೆ ತಿಂಗಳಿಗೆ 1,400ರಂತೆ 16,800. ಮನೆ ತೆರಿಗೆ 4,200. ದುರಸ್ತಿ, ಬಣ್ಣ, ನಲ್ಲಿ ಇತ್ಯಾದಿ, ಕೆಲವು ವರ್ಷಗಳ ಸರಾಸರಿ ಹಿಡಿದು 9,000. ಉಳಿದದ್ದು 45,000. ಆ ಮನೆಗೆ ಪೇಟೆಯಲ್ಲಿ 20 ಲಕ್ಷ ಸಿಗಬಹುದೆಂದು ಇಟ್ಟುಕೊಂಡರೆ, ನೂರಕ್ಕೆ ಎರಡೂಕಾಲು ರೂಪಾಯಿ. ಅದೇ 20 ಲಕ್ಷ ಬ್ಯಾಂಕಿನ ಠೇವಣಿಯಲ್ಲಿದ್ದು ನೂರಕ್ಕೆ ಆರರಂತೆ ಹಿಡಿದರೂ ವರ್ಷಕ್ಕೆ 1,20,000. ವರ್ಷವೊಂದಕ್ಕೆ 75,000 ರೂಪಾಯಿಗಳನ್ನು ನಾವು ಆ ನಾಲ್ಕು ಗೋಡೆಗಳಿಗೆ ನೈವೇದ್ಯವಿಡುತ್ತಿದ್ದೆವು. ಪರೇಲಿನಿಂದ ತಿಂಗಳಿಗೊಮ್ಮೆ ಹೋಗಿಬರುವ ಭಾನುವಾರಗಳ ಬೆಲೆಯನ್ನು ಇದರಲ್ಲಿ ಸೇರಿಸಿಲ್ಲ.

ಬಾಡಿಗೆಯ ಆದಾಯಕ್ಕೆ ತೆರಿಗೆಯಲ್ಲಿ ಒಂದು ಅನುಕೂಲವಿದೆ. ಮನೆ ತೆರಿಗೆಯನ್ನು ಕಳೆದು ಉಳಿದುದರಲ್ಲಿ ನೂರಕ್ಕೆ 30ನ್ನು, ನಿಜವಾಗಿ ಖರ್ಚಾಗಲಿ ಬಿಡಲಿ, ಬಿಟ್ಟುಕೊಡುತ್ತಾರೆ. ಠೇವಣಿಯ ಬಡ್ಡಿಗೆ ಆ ರಿಯಾಯಿತಿಯಿಲ್ಲ. ಆದರೆ ನಮ್ಮಂಥ ಸಣ್ಣ ಆದಾಯದವರಿಗೆ ಆ ವ್ಯತ್ಯಾಸ 75,000ದ ಸಮೀಪಕ್ಕೂ ಬರುವುದಿಲ್ಲ.

ಲೆಕ್ಕ ಇಷ್ಟು ಸ್ಪಷ್ಟವಿದ್ದ ಮೇಲೆ ಮಾರಿಬಿಡುವುದಕ್ಕೆ ಏನಡ್ಡಿ? ಓದುಗರು ಹೀಗೆ ಕೇಳುವುದು ಸಹಜ. ನಾವು ಎರಡು ವರ್ಷ ಸುಮ್ಮನೆ ಕುಳಿತೆವು. ಏಕೆಂದರೆ ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಮತ್ತೊಂದು ಮೊತ್ತ ಬರೆದಿತ್ತು. ಕಂತುಗಳೇ 21 ಲಕ್ಷದ 15 ಸಾವಿರ. ಅದಕ್ಕೆ ಮೊದಲು ಕೊಟ್ಟ 6 ಲಕ್ಷದ 20 ಸಾವಿರ. ಒಟ್ಟು 27 ಲಕ್ಷಕ್ಕೂ ಮೇಲೆ. 27 ಲಕ್ಷ ಸುರಿದ ಮನೆಯನ್ನು 20 ಲಕ್ಷಕ್ಕೆ ಕೊಡುವುದೇ? ಈ ಒಂದು ವಾಕ್ಯ ನಮ್ಮ ಕಾಲುಗಳನ್ನು ಕಟ್ಟಿಹಾಕಿತ್ತು. ಬೆಲೆ ಏರಿದೊಡನೆ ಮಾರೋಣ, ಹಾಕಿದ್ದು ಬಂದರೆ ಸಾಕು, ಎಂದು ಮನಸ್ಸು ಹೇಳುತ್ತಿತ್ತು. ಹೀಗೆ ಕಾದ ಒಂದೊಂದು ವರ್ಷವೂ ಹಾಕಿದ್ದರ ಮೊತ್ತವನ್ನೇ ಬೆಳೆಸುತ್ತದೆಂಬುದನ್ನು ಮನಸ್ಸು ಮರೆಮಾಚುತ್ತಿತ್ತು.

ಇದನ್ನು ಬಿಡಿಸಿದವನು ಪುಸ್ತಕ ಓದಿದವನಲ್ಲ. ಮಾಟುಂಗಾದ ಹೋಟೆಲೊಂದರಲ್ಲಿ ಮಾಣಿಯಾಗಿ ಸೇರಿ, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಈಗ ಗಲ್ಲೆಯಲ್ಲಿ ಕುಳಿತಿರುವ ನಮ್ಮ ಹಳೆಯ ಸ್ನೇಹಿತನಿಗೆ ಈ ಸಂಕಟವನ್ನೆಲ್ಲ ಹೇಳಿಕೊಂಡೆವು. ಅವನು ಒಂದು ಮಾತು ಕೇಳಿದನು. "ಮಧ್ಯಾಹ್ನ ಚಟ್ನಿ ಹಳಸಿತು ಎನ್ನಿ ರಾಯರೆ. ಕಾಯಿಗೆ ಎಷ್ಟು ಕೊಟ್ಟಿದ್ದೇವೆ ಎಂದು ಲೆಕ್ಕ ಹಾಕಿ ಅದನ್ನು ಗಿರಾಕಿಗೆ ಬಡಿಸುತ್ತೇವೆಯೆ?" ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದನು. "ನಿಮ್ಮ ಕೈಯಲ್ಲಿ ಇವತ್ತು 20 ಲಕ್ಷ ನಗದು ಇದೆ ಎನ್ನಿ. ಅದೇ ಬದ್ಲಾಪುರಕ್ಕೆ ಹೋಗಿ ಅದೇ ಮನೆಯನ್ನು ಕೊಳ್ಳುತ್ತೀರಾ?" ಇಲ್ಲವೆಂದೆವು, ಉತ್ತರ ನಾವು ಯೋಚಿಸುವ ಮೊದಲೇ ಬಾಯಿಂದ ಹೊರಟಿತ್ತು. "ಹಾಗಾದರೆ ದಿನ ದಿನವೂ ಅದನ್ನೇ ಕೊಳ್ಳುತ್ತಾ ಇದ್ದೀರಲ್ಲ" ಎಂದು ಅವನು ಬಿಲ್ಲಿನ ಕಡೆಗೆ ತಿರುಗಿದನು.

ಹಾಗೆಂದು, ಬಾಡಿಗೆಯ ಮನೆಯಿರುವವರೆಲ್ಲರೂ ಮಾರಿಬಿಡಬೇಕೆಂದು ನಾವು ಹೇಳಹೊರಟಿಲ್ಲ. ಇದೇ ಗೆಳೆಯನಿಗೆ ಕಳವಾದಲ್ಲಿ ಒಂದು ಕೋಣೆಯಿದೆ. ಅದರ ಬಾಡಿಗೆ ನಮ್ಮದಕ್ಕಿಂತಲೂ ಹೀನ. ಆದರೆ ಊರಿನಿಂದ ಬರುವ ಹುಡುಗರಿಗೆ ಅದೇ ಮೊದಲ ನೆಲೆ. ಮಗನ ಮದುವೆಯಾದರೆ ಮಗನಿಗೂ ಅದೇ. ಕಾಗದಪತ್ರ ನೆಟ್ಟಗಿದೆ, ನೀರಿನ ಭಯವಿಲ್ಲ. ಅವನು ಮಾರಬೇಕಾಗಿಲ್ಲ. ಉಪಯೋಗವೆಂಬುದು ಬಡ್ಡಿಯ ಲೆಕ್ಕಕ್ಕೆ ಸಿಗದ ವಸ್ತು. ನಮ್ಮ ಕೆನರಾ ಸೀಮೆಯವರೇ ಆದ ಶ್ರೀಪಾದ ಸುಬ್ರಾವ ತಾಲ್ಮಕಿಯವರು 1915ರಲ್ಲಿ ಗಾಂವದೇವಿಯ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದಾಗ, ಮುಂಬಯಿಗೆ ಬಂದ ಗುಮಾಸ್ತನು ತಲೆಯ ಮೇಲೊಂದು ಮಾಡನ್ನು ಪಡೆಯಲೆಂಬ ಉದ್ದೇಶದಿಂದ ಕಟ್ಟಿದರೇ ಹೊರತು ಅವನು ಮನೆಯೊಡೆಯನಾಗಿ ಬಾಡಿಗೆ ಎಣಿಸಲೆಂದಲ್ಲ. ಅಲ್ಲಿಂದ ನೂರು ವರ್ಷದೊಳಗೆ ನಮಗೆ ಇನ್ನೊಂದು ಹುಚ್ಚು ಹಿಡಿದಿದೆ.

ಮನೆಯನ್ನು ಇಟ್ಟುಕೊಳ್ಳುವವರಲ್ಲಿ ಕೆಲವರು ಬೀಗ ಹಾಕಿಯೇ ಇಡುತ್ತಾರೆ. ಬಾಡಿಗೆದಾರ ಬಂದರೆ ಮನೆ ಹೋಯಿತು ಎಂಬ ಭಯ. ಈ ಭಯಕ್ಕೆ ಚರಿತ್ರೆಯಿದೆ. 1947ರ ಮುಂಬಯಿ ಬಾಡಿಗೆ ಕಾಯಿದೆಯು ಬಾಡಿಗೆಗಳನ್ನು 1940ರ ಸೆಪ್ಟೆಂಬರ 1ರ ಮಟ್ಟಕ್ಕೆ ಕಟ್ಟಿಹಾಕಿತು. ಆ ಕಾಯಿದೆಯ ಪೂರ್ಣ ಹೆಸರಿನಲ್ಲಿಯೇ ಹೋಟೆಲು, ವಸತಿಗೃಹಗಳ ದರವೂ ಸೇರಿತ್ತೆಂಬುದು ನಮ್ಮವರಿಗೆ ಸ್ವಾರಸ್ಯದ ಸಂಗತಿ. ಅದರ ಕೈಯಿಂದ ತಪ್ಪಿಸಿಕೊಳ್ಳಲು ಒಡೆಯರು ಅನುಮತಿ ಪತ್ರದ ಮೇಲೆ ಜನರನ್ನಿಡತೊಡಗಿದರು. 1973ರ ಫೆಬ್ರವರಿ 1ರಂದು ಹಾಗಿದ್ದವರನ್ನೂ ಸರಕಾರವು ಬಾಡಿಗೆದಾರರೆಂದೇ ಮಾನ್ಯಮಾಡಿತು. ಮಲ್ಪೆ ವಿಶ್ವನಾಥ ಆಚಾರ್ಯ ಎಂಬವರ ಹೆಸರಿನ ಮೊಕದ್ದಮೆಯಲ್ಲಿ, ಹೆಸರಿನ ಮೊದಲಿಗೇ ನಮ್ಮ ಕರಾವಳಿಯ ಮಲ್ಪೆಯಿದೆ ನೋಡಿ, ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿಡುವುದು ಕಾಲ ಕಳೆದಂತೆ ಅನ್ಯಾಯವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1997ರ ಡಿಸೆಂಬರಿನಲ್ಲಿ ಹೇಳಿತು. ಕಾಯಿದೆಯ ಅವಧಿಯೇ ಮುಗಿಯಲಿದ್ದುದರಿಂದ ಅದನ್ನು ರದ್ದುಗೊಳಿಸಲಿಲ್ಲ. ಮುಂದೆ ಬಂದ ಮಹಾರಾಷ್ಟ್ರದ 1999ರ ಕಾಯಿದೆಯು 2000ದ ಮಾರ್ಚ 31ರಿಂದ ಜಾರಿಗೆ ಬಂತು. ಪಗಡಿಯ ವ್ಯವಹಾರವನ್ನು ನ್ಯಾಯಸಮ್ಮತವೆಂದದ್ದೂ, ಹಳೆಯ ಬಾಡಿಗೆಯನ್ನು ವರ್ಷಕ್ಕೆ ನೂರಕ್ಕೆ 4ರಂತೆ ಏರಿಸಬಹುದೆಂದದ್ದೂ ಇದೇ ಕಾಯಿದೆ.

ಪರೇಲಿನಲ್ಲಿ ಬಾಡಿಗೆದಾರರೂ ಬದ್ಲಾಪುರದಲ್ಲಿ ಮನೆಯೊಡೆಯರೂ ಆಗಿದ್ದ ನಾವು ಈ ಕಾಯಿದೆಗಳನ್ನು ಬೈಯುವಾಗ ಯಾವ ಬಾಯಿಂದ ಬೈಯಬೇಕೆಂದು ತಿಳಿಯದೆ ಸುಮ್ಮನಾಗುತ್ತಿದ್ದೆವು. ಆದರೆ ಈಗಿನ ಕರಾರಿನ ಭಯ ಮಾತ್ರ ಅನವಶ್ಯಕ. ಅವಧಿ ಬರೆದು ಸಹಿ ಹಾಕಿದ ಅನುಮತಿ ಕರಾರನ್ನು ನೋಂದಾಯಿಸಿಟ್ಟರೆ, ಅವಧಿ ಮುಗಿದೂ ಬಿಡದವನನ್ನು ಎಬ್ಬಿಸಲು ಪ್ರತ್ಯೇಕ ಅಧಿಕಾರಿಯಿದ್ದಾನೆ. ಕುಳಿತಷ್ಟು ದಿನ ಎರಡು ಪಟ್ಟು ಹಣವನ್ನು ಕೇಳುವ ಹಕ್ಕಿದೆ. ಹನ್ನೊಂದು ತಿಂಗಳಿನದಾದರೆ ನೋಂದಣಿ ಬೇಡವೆಂಬ ಮಾತು ಮುಂಬಯಿಯಲ್ಲಿ ಸಲ್ಲದು; ನೋಂದಣಿಯ ಹೊಣೆ ಮನೆಯೊಡೆಯನದೇ. ಸ್ವತಃ ವಾಸಿಸದ ಸದಸ್ಯನಿಂದ ಸೊಸಾಯಿಟಿಯು ವಸೂಲು ಮಾಡುವ ಹೆಚ್ಚಿನ ಶುಲ್ಕವೂ ಸೇವಾಶುಲ್ಕದ ನೂರಕ್ಕೆ 10ನ್ನು ಮೀರಬಾರದೆಂದು 2001ರ ಸರಕಾರಿ ಆದೇಶವಿದೆ. ನಮ್ಮ ಸೊಸಾಯಿಟಿಗೆ ಆ ಆದೇಶದ ಪ್ರತಿಯನ್ನು ನಾವು ತೋರಿಸುವವರೆಗೆ ಅದರ ಅರಿವಿರಲಿಲ್ಲ, ಅಥವಾ ಇರಲಿಲ್ಲವೆಂದು ಹೇಳಿದರು.

ನಮ್ಮ ಮನೆಯ ದೋಷ ನೀರು ಮಾತ್ರ. ಅದಕ್ಕಿಂತ ಕಠಿಣವಾದ ದೋಷ ಕಾಗದದ್ದು. ಡೊಂಬಿವಲಿಯ ಕಡೆ ಸುಳ್ಳು ಪರವಾನಗಿಗಳ ಆಧಾರದ ಮೇಲೆ ರೇರಾ ನೋಂದಣಿ ಪಡೆದು ಕಟ್ಟಿದ 65 ಕಟ್ಟಡಗಳನ್ನು ಕೆಡವಲು ಮುಂಬಯಿ ಉಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಆಜ್ಞೆಮಾಡಿದಾಗ, ಅಲ್ಲಿ ಮನೆ ಕೊಂಡವರ ಕೈಯಲ್ಲಿ ಬ್ಯಾಂಕಿನ ಸಾಲದ ಪತ್ರವೂ ಇತ್ತು, ನೋಂದಣಿಯ ರಸೀದಿಯೂ ಇತ್ತು. 2013ರ ಏಪ್ರಿಲಿನಲ್ಲಿ ಮುಂಬ್ರಾದ ಹತ್ತಿರ ಶೀಳ ಫಾಟಾದಲ್ಲಿ ಕಟ್ಟುತ್ತಿದ್ದಾಗಲೇ ಕುಸಿದ ಅಕ್ರಮ ಕಟ್ಟಡವು 74 ಜನರ ಪ್ರಾಣ ತೆಗೆದುಕೊಂಡಿತು. ಬ್ಯಾಂಕು ಸಾಲ ಕೊಟ್ಟಿತೆಂಬುದು ಕಟ್ಟಡ ಸಕ್ರಮವೆಂಬುದಕ್ಕೆ ಸಾಕ್ಷಿಯಲ್ಲ. ಪಾಲಿಕೆಯ ವಾಸಯೋಗ್ಯತಾ ಪ್ರಮಾಣಪತ್ರ, ಜನರು ಓಸಿ ಎನ್ನುವುದು, ಇಲ್ಲದ ಮನೆಯನ್ನು ಹಿಡಿದು ಕುಳಿತವರು ಬಾಡಿಗೆಯ ಲೆಕ್ಕವನ್ನು ಬದಿಗಿಟ್ಟು ಮೊದಲು ಪಾಲಿಕೆಗೆ ಹೋಗಿ ತಮ್ಮ ಕಟ್ಟಡದ ಸ್ಥಿತಿಯನ್ನು ಲಿಖಿತವಾಗಿ ಕೇಳಿ ತಿಳಿಯಬೇಕು. ವಕೀಲನಿಗೆ ಕೊಡುವ ಹಣವನ್ನು ಆ ಸಂದರ್ಭದಲ್ಲಿ ಉಳಿಸಬಾರದು. ನಮ್ಮ ಕಟ್ಟಡಕ್ಕೆ ಆ ಪತ್ರವಿತ್ತು. ಅಷ್ಟರಮಟ್ಟಿಗೆ ನಾವು ಪುಣ್ಯವಂತರು.

2025ರ ಏಪ್ರಿಲಿನಲ್ಲಿ ಮಾರುವುದೆಂದು ನಿಶ್ಚಯಿಸಿದೆವು. ಗೃಹಿಣಿಯ ಅಭಿಪ್ರಾಯ ಕೇಳಿದಾಗ ಆಕೆ, ನನ್ನದು 2019ರಲ್ಲಿಯೇ ಆಗಿತ್ತು, ನೀವು ಕೇಳಲಿಲ್ಲ, ಎಂದಳು.

ಮೊದಲು ಕುಂದಾಪುರದ ಹುಡುಗನಿಗೇ ಹೇಳುವುದು ನ್ಯಾಯವೆಂದು ತೋರಿತು. ಏಳು ವರ್ಷ ಬಾಡಿಗೆಯನ್ನು ತಪ್ಪದೆ ಕೊಟ್ಟವನು. ಸಹಕಾರಿ ಬ್ಯಾಂಕಿನಲ್ಲಿ ಅಷ್ಟಿಷ್ಟು ಕೂಡಿಟ್ಟಿದ್ದನೆಂಬುದೂ ಗೊತ್ತಿತ್ತು. ಬೆಲೆಯಲ್ಲಿ ಕಡಿಮೆ ಮಾಡೋಣ, ನೀನೇ ತೆಗೆದುಕೋ, ಎಂದೆವು. ಅವನು ಬಹಳ ಹೊತ್ತು ಕೈಯಲ್ಲಿದ್ದ ಪಂಚೆಯ ಅಂಚನ್ನು ನೋಡುತ್ತ ನಿಂತನು. "ಇರಲಿಕ್ಕೆ ಅಡ್ಡಿ ಇಲ್ಲ ರಾಯರೆ. ಕೊಳ್ಳಲಿಕ್ಕೆ ಬೇಡ" ಎಂದನು. ಆ ಮನೆಯನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವನ ಮಾತು ಅದು. ಹೋಟೆಲಿನ ಕೆಲಸದವನು ಬೆಂಕಿಯ ಎದುರು ನಿಂತು ಕೂಡಿಟ್ಟ ಹಣವನ್ನು ನಮ್ಮಂತೆ ನೋಟ ನೋಡಿ ಕೊಟ್ಟುಬಿಡುವುದಿಲ್ಲ.

ದಲ್ಲಾಳಿಯು ಒಬ್ಬ ಗಿರಾಕಿಯನ್ನು ಕರೆತಂದನು. ಹೊಸದಾಗಿ ಮದುವೆಯಾದ ದಂಪತಿಗಳು. ಗಂಡನಿಗೆ ಅಂಚೆಯಲ್ಲಿ ಕೆಲಸ. ಗೋಡೆಯ ಕೆಳಭಾಗಕ್ಕೆ ಹೊಸ ಬಣ್ಣ ಹಚ್ಚಿಸಿರೆಂದು ದಲ್ಲಾಳಿಯು ಮುಂಚಿತವಾಗಿಯೇ ಸೂಚಿಸಿದ್ದನು. ನಾವು ಹಚ್ಚಿಸಿರಲಿಲ್ಲ, ಆದರೆ ಗುರುತಿನ ಮುಂದೆ ಕಪಾಟು ಇತ್ತು, ಅದನ್ನು ಸರಿಸಿರಲೂ ಇಲ್ಲ. ಆ ಹೆಣ್ಣುಮಗಳು ಅಡಿಗೆಮನೆಯ ನಲ್ಲಿಯನ್ನು ತಿರುಗಿಸುತ್ತ, ಮುಂಬಯಿಯಲ್ಲಿ ಮನೆ ನೋಡಲು ಬಂದವರೆಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು: ಇಲ್ಲಿ ನೀರು ಚೆನ್ನಾಗಿ ಬರುತ್ತದೆಯೆ? ಬರುತ್ತದೆ ಎಂದು ಹೇಳಿಬಿಟ್ಟಿದ್ದರೆ ಅದರಲ್ಲಿ ಎಳ್ಳಷ್ಟೂ ಸುಳ್ಳಿರುತ್ತಿರಲಿಲ್ಲ. ದಲ್ಲಾಳಿಯ ಮುಖದಲ್ಲಿ ನಗು ಮೂಡಿದ್ದನ್ನೂ ಕಂಡೆವು. 94 ವರ್ಷದ ಮಾತು ಕೇಳಿ ನಕ್ಕ ಆ ದಿನ ನೆನಪಾಗದೆ ಹೋಗಿದ್ದರೆ ನಾವೇನು ಹೇಳುತ್ತಿದ್ದೆವೋ ಆಣೆಯಿಟ್ಟು ಹೇಳಲಾರೆವು. ಕಪಾಟನ್ನು ಸರಿಸಿ ಸೊಂಟಮಟ್ಟದ ಗೆರೆಯನ್ನು ತೋರಿಸಿದೆವು. ಅವರು ಉಪಕಾರವಾಯಿತೆಂದು ಹೇಳಿ ಹೊರಟುಹೋದರು. ದಲ್ಲಾಳಿಯು ಮತ್ತೆ ಬರಲಿಲ್ಲ. 21 ಲಕ್ಷದ ಮಾತು ಅವನೊಂದಿಗೇ ಹೋಯಿತು.

ಕಡೆಗೆ ಮನೆಯನ್ನು ಕೊಂಡವರು ಅದೇ ಮೂರನೆಯ ಅಂತಸ್ತಿನವರು. ನೆರೆಯ ರಾತ್ರಿ ನಮ್ಮ ಹುಡುಗನ ಸಂಸಾರಕ್ಕೆ ಬಾಗಿಲು ತೆರೆದವರು. ಅಂಬರನಾಥದ ಕಾರ್ಖಾನೆಯಲ್ಲಿ ಕೆಲಸದಲ್ಲಿರುವ ಮಹಾರಾಷ್ಟ್ರೀಯರು. ಕಟ್ಟಡಕ್ಕೆ ಲಿಫ್ಟು ಇಲ್ಲ. ಅವರ ತಾಯಿಗೆ ಮೊಣಕಾಲು ನೋವು, ನಾಲ್ಕು ವರ್ಷಗಳಿಂದ ಕೆಳಗಿಳಿದು ದೇವಸ್ಥಾನಕ್ಕೆ ಹೋದದ್ದಿಲ್ಲ. ಮಳೆಗಾಲದ ಕೆಟ್ಟ ದಿನಗಳಲ್ಲಿ ತಾಯಿಯನ್ನು ನಾಲ್ಕು ಜನ ಹೊತ್ತು ಮೇಲಕ್ಕೆ ತಂದರಾಯಿತು, ಉಳಿದ ದಿನ ಆಕೆ ಅಂಗಳದಲ್ಲಿ ಕೂರಬಹುದು, ಎಂದು ಅವರು ಲೆಕ್ಕ ಹಾಕಿದ್ದರು. ನೀರಿನ ವಿಷಯ ಅವರಿಗೆ ನಾವು ಹೇಳಬೇಕಾದ್ದಿರಲಿಲ್ಲ. 19 ಲಕ್ಷದ 50 ಸಾವಿರಕ್ಕೆ ಮಾತಾಯಿತು. ನಮಗೆ ಅದು ಕೆಟ್ಟ ಮನೆ; ಅವರಿಗೆ ಅದು ಬೇಕಾದ ಮನೆ.

ಮಾರುವವರ ಅನುಕೂಲಕ್ಕೆ ಎರಡು ಮಾತು. ಸೊಸಾಯಿಟಿಯ ವರ್ಗಾವಣೆಯ ಅಧಿಶುಲ್ಕವು 2001ರ ಆದೇಶದಂತೆ ಮಹಾನಗರಪಾಲಿಕೆಯ ಕ್ಷೇತ್ರದಲ್ಲಿ 25,000 ರೂಪಾಯಿಗಿಂತ ಹೆಚ್ಚಿರಕೂಡದು. ದೇಣಿಗೆಯೆಂಬ ಹೆಸರಿನಲ್ಲಿ ಅದಕ್ಕಿಂತ ಹೆಚ್ಚು ಕೇಳಿದರೆ ಲಿಖಿತವಾಗಿ ಕೇಳಿರೆಂದು ಹೇಳಬೇಕು. ಇನ್ನು ತೆರಿಗೆ. 2024ರ ಜುಲೈ 23ರಿಂದ ಮಾರಿದ ಮನೆಯ ಲಾಭಕ್ಕೆ ನೂರಕ್ಕೆ ಹನ್ನೆರಡೂವರೆ ತೆರಿಗೆ. ಆದರೆ ಆ ದಿನಕ್ಕಿಂತ ಮೊದಲೇ ಕೊಂಡಿದ್ದ ಭಾರತನಿವಾಸಿಗಳು ಬೇಕಾದರೆ ಹಳೆಯ ಪದ್ಧತಿಯಂತೆ ಕೊಂಡ ಬೆಲೆಗೆ ಹಣದುಬ್ಬರದ ಸೂಚ್ಯಂಕವನ್ನು ಹಚ್ಚಿ, ಉಳಿದ ಲಾಭಕ್ಕೆ ನೂರಕ್ಕೆ 20 ಎಂದು ಲೆಕ್ಕ ಮಾಡಿ, ಯಾವುದು ಕಡಿಮೆಯೋ ಅದನ್ನು ಕೊಡಬಹುದು. ಸೂಚ್ಯಂಕವು 2011-12ರಲ್ಲಿ 184, 2025-26ರಲ್ಲಿ 376. ಅದರಂತೆ ನಮ್ಮ 18 ಲಕ್ಷದ 20 ಸಾವಿರವು 37 ಲಕ್ಷವನ್ನು ದಾಟುತ್ತದೆ. ಅಂದರೆ, ಬೆಲೆಯೇರಿಕೆಗೆ ಸರಿದೂಗಬೇಕಾಗಿದ್ದರೆ ಮನೆ 37 ಲಕ್ಷಕ್ಕೆ ಹೋಗಬೇಕಾಗಿತ್ತು. ತೆರಿಗೆ ಒಂದು ಕಾಸೂ ಇಲ್ಲ. ನಮಗೆ ಲಾಭವಾಗಿಲ್ಲವೆಂದು ಸರಕಾರವೇ ಬರೆದುಕೊಟ್ಟಂತಾಯಿತು.

ಹುಡುಗನಿಗೆ ಮೂರು ತಿಂಗಳ ಅವಧಿ ಕೊಟ್ಟೆವು. ಕಡೆಯ ತಿಂಗಳ ಬಾಡಿಗೆ ತೆಗೆದುಕೊಳ್ಳಲಿಲ್ಲ. ಮುಂಗಡದ 25,000ವನ್ನು ಮರಳಿಸಿದೆವು. ಅವನು ಅಂಬರನಾಥದಲ್ಲಿ ಎರಡನೆಯ ಅಂತಸ್ತಿನ ಕೋಣೆಯೊಂದನ್ನು ಹಿಡಿದನು. ಟೆಂಪೋದಲ್ಲಿ ಸಾಮಾನೇರಿಸುವಾಗ ಅವನ ಮಗು, ಈಗ ಎಂಟು ವರ್ಷದವಳು, ಹೊಸ ಮನೆಗೆ ಮೆಟ್ಟಿಲಿದೆಯೆಂದು ನಮಗೆ ಹೆಮ್ಮೆಯಿಂದ ತಿಳಿಸಿದಳು.

ಹಣವನ್ನು ಎಲ್ಲಿಡುವುದೆಂಬ ಪ್ರಶ್ನೆಗೆ ನಾವು ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ನಿವೃತ್ತಿಗೆ ಎರಡು ವರ್ಷವಿರುವವನಿಗೆ ಇನ್ನು ಸಾಹಸ ಬೇಡ. ಠೇವಣಿಯ ಬಡ್ಡಿಯನ್ನು ಬೆಲೆಯೇರಿಕೆ ತಿನ್ನುತ್ತದೆಂಬುದನ್ನು ಬಲ್ಲೆವು. ವಯಸ್ಸು ಚಿಕ್ಕದಿರುವವರು ಬೇರೆ ದಾರಿಗಳನ್ನು ವಿಚಾರಿಸಲಿ. 2019ರ ಸೆಪ್ಟೆಂಬರಿನಲ್ಲಿ ಪಂಜಾಬ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿಗೆ ನಿರ್ಬಂಧ ಬಿದ್ದು, ಮೊದಲಿಗೆ ಖಾತೆದಾರನಿಗೆ ಸಾವಿರ ರೂಪಾಯಿ ಮಾತ್ರ ತೆಗೆಯಬಹುದೆಂದು ಸಾರಿದಾಗ ಬಾಗಿಲೆದುರು ನಿಂತ ಸಾಲುಗಳನ್ನು ಮರೆತಿಲ್ಲ. ಆಗ ಠೇವಣಿಯ ವಿಮೆ ಒಂದು ಲಕ್ಷಕ್ಕಿತ್ತು. 2020ರ ಫೆಬ್ರವರಿ 4ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬನಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಏರಿಸಿದರು. ಆದುದರಿಂದ ನಾಲ್ಕು ಬ್ಯಾಂಕುಗಳಲ್ಲಿ ನಾಲ್ಕೂವರೆ ಲಕ್ಷದಂತೆ 18 ಲಕ್ಷವನ್ನು ಹಂಚಿ ಇಟ್ಟೆವು.

ಉಳಿದ ಒಂದೂವರೆ ಲಕ್ಷವನ್ನು ಹಿಡಿದು ಗೃಹಿಣಿಯೊಂದಿಗೆ ದಾದರಿನ ಬಂಗಾರದ ಅಂಗಡಿಗೆ ಹೋದೆವು. 2011ರಲ್ಲಿ ನಾಲ್ಕು ಬಳೆಗಳಿಗೆ ಬಂದುದು ಹೆಚ್ಚುಕಡಿಮೆ ಅಷ್ಟೇ ಹಣ. 2025ರಲ್ಲಿ ಹತ್ತು ಗ್ರಾಮು ಬಂಗಾರದ ಬೆಲೆ ಲಕ್ಷವನ್ನು ದಾಟಿತ್ತು. ಅಂಗಡಿಯವನು ತೂಗಿ, ಕೂಲಿ ಸೇರಿಸಿ, ಒಂದು ಬಳೆಯನ್ನು ಮುಂದಿಟ್ಟನು. ಆಕೆ ಅದನ್ನು ಕೈಗೆ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಹಿಂದಿನವುಗಳಿಗಿಂತ ಸಪೂರವಾಗಿದೆ, ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಆದರೂ ಇದು ಒದ್ದೆಯಾದರೆ ಒರೆಸಿಕೊಳ್ಳಬಹುದು, ಎಂದು ಸೇರಿಸಿದಳು.